ಪದಕ, ಜೈಲು, ಮತ್ತೆ ಪದಕ: ಒಬ್ಬ ಫ್ರೆಂಚ್ ಸೇನಾಧಿಕಾರಿ ದಂಗೆ ಎದ್ದಿದ್ದು ಯಾಕೆ?

2011ರ ನವೆಂಬರ್ 28ರಂದು ಪ್ಯಾರಿಸ್‌ನ ಇನ್ವಾಲಿದ್ ಎಂಬ ಹಳೆಯ ಸೇನಾ ಕಟ್ಟಡದ ಅಂಗಳದಲ್ಲಿ ಫ್ರಾನ್ಸ್ ಅಧ್ಯಕ್ಷ ನಿಕೊಲಾ ಸರ್ಕೋಜಿ 89 ವರ್ಷದ ಹಿರಿಯರೊಬ್ಬರಿಗೆ ಲೀಜನ್ ಆಫ್ ಆನರ್‌ನ ಗ್ರ್ಯಾಂಡ್ ಕ್ರಾಸ್ ತೊಡಿಸಿದರು. 1802ರಲ್ಲಿ ನೆಪೋಲಿಯನ್ ಶುರು ಮಾಡಿದ ಈ ಗೌರವದಲ್ಲಿ ಐದು ದರ್ಜೆಗಳಿವೆ. ಗ್ರ್ಯಾಂಡ್ ಕ್ರಾಸ್ ಎಲ್ಲಕ್ಕಿಂತ ಮೇಲಿನದು.

ವಿಚಿತ್ರ ಏನಂದ್ರೆ, ಅದಕ್ಕೆ ಐವತ್ತು ವರ್ಷ ಮುಂಚೆ ಇದೇ ದೇಶದ ನ್ಯಾಯಾಲಯ ಇದೇ ಮನುಷ್ಯನನ್ನು ದಂಗೆಕೋರ ಎಂದು ಕರೆದು 10 ವರ್ಷ ಜೈಲುಶಿಕ್ಷೆ ಕೊಟ್ಟಿತ್ತು. ಅದಕ್ಕೂ ಮುಂಚೆ ಅವರ ಎದೆ ತುಂಬ ಪದಕಗಳಿದ್ದವು. ಅವೆಲ್ಲ ಹೋದವು, ಆಮೇಲೆ ವಾಪಸ್ ಬಂದವು.

ಅವರ ಹೆಸರು ಎಲಿ ಡೆನ್ವಾ ಡಿ ಸ್ಯಾಂ ಮಾರ್ಕ್. ಸೇನೆಯಲ್ಲಿ ಕಮಾಂಡೆಂಟ್, ಅಂದರೆ ನಮ್ಮ ಮೇಜರ್‌ಗೆ ಸಮನಾದ ದರ್ಜೆ. ಜನರಲ್ ಅಲ್ಲ, ಯುದ್ಧ ಗೆದ್ದು ಕೊಟ್ಟ ಸೇನಾಪತಿಯೂ ಅಲ್ಲ. ಆದರೂ ಫ್ರಾನ್ಸ್‌ನಲ್ಲಿ ಅವರ ಬಗ್ಗೆ ಇವತ್ತಿಗೂ ಜಗಳ ನಿಂತಿಲ್ಲ. ದಂಗೆಗೆ ಸೇರಬೇಕೋ ಬೇಡವೋ ಎಂದು ಅವರು ತೀರ್ಮಾನ ಮಾಡಿದ್ದು ಒಂದು ಮಧ್ಯಾಹ್ನದ ಮಾತುಕತೆಯಲ್ಲಿ. ಅದರ ಬೇರು ಮಾತ್ರ ಹನ್ನೊಂದು ವರ್ಷ ಹಿಂದೆ, ವಿಯೆಟ್ನಾಂ ಮತ್ತು ಚೀನಾದ ಗಡಿಯ ಒಂದು ಹಳ್ಳಿಯಲ್ಲಿದೆ. ಆ ಹಳ್ಳಿಯಲ್ಲಿ ನಡೆದದ್ದು ಗೊತ್ತಿಲ್ಲದಿದ್ದರೆ ಈ ಮನುಷ್ಯ ಅರ್ಥ ಆಗುವುದಿಲ್ಲ. ಅರ್ಥ ಆಯಿತು ಎಂದ ಮಾತ್ರಕ್ಕೆ ಒಪ್ಪಲೇಬೇಕು ಅಂತೇನೂ ಇಲ್ಲ, ಅದು ಬೇರೆ ಮಾತು.

ಹುಟ್ಟಿದ್ದು 1922ರ ಫೆಬ್ರವರಿ 11ರಂದು, ಬೋರ್ಡೋ ಊರಿನಲ್ಲಿ. ಏಳು ಮಕ್ಕಳಲ್ಲಿ ಕೊನೆಯವರು. ತಂದೆ ವಕೀಲರು, ಮನೆಯಲ್ಲಿ ಕ್ಯಾಥೊಲಿಕ್ ಸಂಪ್ರದಾಯ. 1940ರಲ್ಲಿ ಜರ್ಮನಿ ಫ್ರಾನ್ಸನ್ನು ಸೋಲಿಸಿದಾಗ ಹುಡುಗನಿಗೆ 18 ವರ್ಷ. ಮರುವರ್ಷವೇ ಅವರು ಜಾಡ್ ಅಮಿಕೋಲ್ ಎಂಬ ಗುಪ್ತ ಜಾಲಕ್ಕೆ ಸೇರಿದರು. ಬ್ರಿಟಿಷರಿಗೆ ಗುಪ್ತ ಮಾಹಿತಿ ಮುಟ್ಟಿಸುತ್ತಿದ್ದ ಜಾಲ ಅದು. ಆಗ ಫ್ರಾನ್ಸ್ ಎರಡು ಪಾಲಾಗಿತ್ತು, ಮಧ್ಯೆ ಜರ್ಮನ್ನರ ಕಾವಲಿನ ಗಡಿ. ಆ ಗೆರೆ ದಾಟಿ ಪತ್ರ, ಕಾಗದಗಳನ್ನು ಸಾಗಿಸುವುದು ಇವರ ಕೆಲಸ.

1943ರ ಜುಲೈನಲ್ಲಿ ಸ್ಪೇನ್ ಗಡಿ ದಾಟಲು ಹೊರಟಾಗ ಯಾರೋ ಸುಳಿವು ಕೊಟ್ಟರು. ಪರ್ಪಿನ್ಯಾನ್ ಊರಿನಲ್ಲಿ ಸಿಕ್ಕಿಬಿದ್ದರು. ಅಲ್ಲಿಂದ ಮುಂದೆ ಜರ್ಮನಿಯ ಬುಕೆನ್‌ವಾಲ್ಡ್ ಎಂಬ ನಾಜಿ ಸೆರೆಶಿಬಿರ, ಆಮೇಲೆ ಅದರ ಕೆಳಗಿನ ಲಾಂಗೆನ್‌ಸ್ಟೈನ್ ಶಿಬಿರ. ಅಲ್ಲಿ ನೆಲದಡಿ ಕಾರ್ಖಾನೆ ಕಟ್ಟಲು ಬೆಟ್ಟದೊಳಗೆ ಸುರಂಗ ಕೊರೆಸುತ್ತಿದ್ದರು. ಕೈದಿಗಳು ಸಾಯುವವರೆಗೆ ದುಡಿಯಬೇಕು, ಸತ್ತರೆ ಬೇರೆಯವರು ಬರುತ್ತಾರೆ. ಅಷ್ಟೇ ಲೆಕ್ಕ.

ಅಲ್ಲಿ ಅವರನ್ನು ಉಳಿಸಿದ್ದು ಲಾಟ್ವಿಯಾದ ಒಬ್ಬ ಕೈದಿ. ಕಸುಬಿನಿಂದ ಗಣಿ ಕೆಲಸಗಾರ. ಸುರಂಗದಲ್ಲಿ ಎಲ್ಲಿ ನಿಂತರೆ ಕಷ್ಟ ಕಡಿಮೆ, ಯಾವ ಕಲ್ಲನ್ನು ಹೇಗೆ ಎತ್ತಬೇಕು ಅನ್ನೋದು ಅವನಿಗೆ ಗೊತ್ತಿತ್ತು. ಕದ್ದು ತಂದ ಊಟವನ್ನು ಈ ಫ್ರೆಂಚ್ ಹುಡುಗನ ಜೊತೆ ಹಂಚಿಕೊಂಡ. 1945ರ ಏಪ್ರಿಲ್‌ನಲ್ಲಿ ಅಮೆರಿಕನ್ ಸೈನಿಕರು ಬಂದಾಗ ಸ್ಯಾಂ ಮಾರ್ಕ್ ಸಾಯುವವರನ್ನು ಹಾಕುವ ಗುಡಿಸಲಲ್ಲಿ ಪ್ರಜ್ಞೆ ಇಲ್ಲದೆ ಬಿದ್ದಿದ್ದರು. ಎಚ್ಚರ ಆದಾಗ ತಮ್ಮ ಹೆಸರೇ ನೆನಪಿರಲಿಲ್ಲ.

ಇಂಥ ನರಕ ನೋಡಿ ಬಂದವನು ಬಂದೂಕು ಕಂಡರೆ ದೂರ ಓಡಬೇಕಿತ್ತು ಅಲ್ವಾ? ಇವರು ಸೈನ್ಯಕ್ಕೇ ಸೇರಿದರು. ಸೇನಾಧಿಕಾರಿಗಳ ತರಬೇತಿ ಮುಗಿಸಿ, ಆರಿಸಿಕೊಂಡದ್ದು ಫಾರಿನ್ ಲೀಜನ್ ಅನ್ನು.

ಲೀಜನ್ ಬಗ್ಗೆ ಎರಡು ಮಾತು. 1831ರಲ್ಲಿ ಕಟ್ಟಿದ ಈ ಪಡೆಗೆ ಯಾವ ದೇಶದವರಾದರೂ ಸೇರಬಹುದು, ಅಧಿಕಾರಿಗಳು ಮಾತ್ರ ಹೆಚ್ಚಾಗಿ ಫ್ರೆಂಚರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇದಕ್ಕೆ ಸೇರಿದವರಲ್ಲಿ ಜರ್ಮನ್ನರೇ ಜಾಸ್ತಿ ಇದ್ದರು, ಅದರಲ್ಲೂ ಹಿಟ್ಲರನ ಸೇನೆಯಲ್ಲಿ ಹೋರಾಡಿದವರು. ಬುಕೆನ್‌ವಾಲ್ಡ್‌ನಿಂದ ಬದುಕಿ ಬಂದ ಯುವಕ ಈಗ ಆ ಜರ್ಮನ್ನರಿಗೇ ಅಧಿಕಾರಿ. ಕ್ಯಾಂಪಿನ ಬೇಲಿಯ ಎರಡೂ ಕಡೆಯವರು ಒಂದೇ ತುಕಡಿಯಲ್ಲಿ. ಈ ಪಡೆಯ ಮನೆ ಅಂತ ಇದ್ದದ್ದು ಫ್ರಾನ್ಸ್‌ನಲ್ಲಿ ಅಲ್ಲ, ಅಲ್ಜೀರಿಯಾದ ಸಿದಿ ಬೆಲ್ ಅಬ್ಬೆಸ್ ಊರಿನಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1948ರಲ್ಲಿ ಅವರನ್ನು ಇಂಡೋಚೈನಾಕ್ಕೆ, ಅಂದರೆ ವಿಯೆಟ್ನಾಂ ಸೇರಿದ್ದ ಫ್ರೆಂಚ್ ವಸಾಹತಿಗೆ, ಕಳಿಸಿದರು. ಹೋ ಚಿ ಮಿನ್ ನಾಯಕತ್ವದ ವಿಯೆತ್ ಮಿನ್ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿತ್ತು, ಫ್ರಾನ್ಸ್ ವಸಾಹತು ಬಿಡಲು ತಯಾರಿರಲಿಲ್ಲ. ಸ್ಯಾಂ ಮಾರ್ಕ್ ಅವರಿಗೆ ಸಿಕ್ಕಿದ್ದು ಚೀನಾ ಗಡಿಯ ತಾಲುಂಗ್ ಎಂಬ ಕಾವಲು ಠಾಣೆ. ಸುತ್ತಲೂ ಕಾಡು, ಸುಣ್ಣಕಲ್ಲಿನ ಗುಡ್ಡ, ಥೋ ಎಂಬ ಗುಡ್ಡಗಾಡು ಜನರ ಹಳ್ಳಿಗಳು. ಆ ಜನರನ್ನು ಒಲಿಸಿಕೊಂಡು, ಅವರಿಗೆ ಬಂದೂಕು ಕೊಟ್ಟು, ವಿಯೆತ್ ಮಿನ್ ವಿರುದ್ಧ ನಿಲ್ಲಿಸುವುದು ಕೆಲಸ.

ಇಂಥ ಕೆಲಸದಲ್ಲಿ ಕೊಡುವ ಮಾತೇ ಬಂಡವಾಳ. ಹಳ್ಳಿಯವನು ಫ್ರೆಂಚರ ಕಡೆ ನಿಂತ ಅಂದರೆ ಇನ್ನೊಂದು ಕಡೆಯವರ ಪಟ್ಟಿಯಲ್ಲಿ ಅವನ ಹೆಸರು ಬಿತ್ತು ಅಂತಲೇ ಅರ್ಥ. ಹಾಗಾಗಿ ಅವನು ಕೇಳುವುದು ಒಂದೇ: ನೀವು ಇಲ್ಲೇ ಇರ್ತೀರಾ? ಯುವ ಅಧಿಕಾರಿ ಇರ್ತೀವಿ ಎಂದರು. ಅವರು ನಂಬಿಕೊಂಡೇ ಹೇಳಿದ್ದರು.

1949ರಲ್ಲಿ ಚೀನಾ ಮಾವೋ ಕೈಗೆ ಬಂತು. ಗಡಿಯ ಆಚೆಯಿಂದ ವಿಯೆತ್ ಮಿನ್‌ಗೆ ನೆರವು ಹರಿದು ಬರತೊಡಗಿತು. 1950ರಲ್ಲಿ ಮೇಲಿಂದ ಆದೇಶ ಬಂತು: ಠಾಣೆ ಖಾಲಿ ಮಾಡಿ, ಹೊರಡಿ. ಹಳ್ಳಿಯವರನ್ನು ಕರೆದುಕೊಂಡು ಹೋಗುವಂತಿಲ್ಲ. ಸೈನಿಕರ ಲಾರಿಗಳಿಗೆ ಜನ ಜೋತುಬಿದ್ದರು. ಹೆಂಗಸರು, ಮಕ್ಕಳು, ಜೊತೆಯಲ್ಲಿ ಹೋರಾಡಿದ ಗಂಡಸರು ಎಲ್ಲರೂ ಇದ್ದರು. ಲಾರಿಯ ಅಂಚು ಹಿಡಿದ ಅವರ ಕೈಗಳ ಮೇಲೆ ಸೈನಿಕರು ಬಂದೂಕಿನ ಹಿಡಿಯಿಂದ ಹೊಡೆದರು. ಕೈ ಬಿಟ್ಟವರು ಧೂಳಿನಲ್ಲಿ ಬಿದ್ದರು. ಕೆಲವರು ಅತ್ತರು, ಅಂಗಲಾಚಿದರು. ಇನ್ನು ಕೆಲವರು ಏನಾಗ್ತಿದೆ ಅಂತಲೇ ತಿಳಿಯದೆ ಸುಮ್ನೆ ನೋಡುತ್ತ ನಿಂತರು. ಆ ನೋಟ ಕೊನೆಯವರೆಗೂ ಬಿಡಲಿಲ್ಲ ಎಂದು ಸ್ಯಾಂ ಮಾರ್ಕ್ ಬರೆದುಕೊಂಡಿದ್ದಾರೆ. ಬುಕೆನ್‌ವಾಲ್ಡ್‌ನಲ್ಲಿ ಏಟು ತಿಂದದ್ದು ಅವರು. ಇಲ್ಲಿ ಏಟು ಕೊಟ್ಟದ್ದು ಅವರ ಕಡೆಯವರು, ಅದೂ ಅವರನ್ನು ನಂಬಿದ ಜನಕ್ಕೆ. ಇದೇ ಅವರಿಗೆ ಆಳವಾಗಿ ನಾಟಿದ್ದು.

ಆಮೇಲೂ ಅವರು ಇಂಡೋಚೈನಾಕ್ಕೆ ಎರಡು ಸಲ ಹೋದರು. ಪ್ಯಾರಾಟ್ರೂಪರ್ ಆಗಿ, ಅಂದರೆ ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕುವ ಸೈನಿಕನಾಗಿ, ಬಹುಪಾಲು ವಿಯೆಟ್ನಾಮಿ ಸೈನಿಕರೇ ಇದ್ದ ಒಂದು ಕಂಪನಿಯನ್ನು ಮುನ್ನಡೆಸಿದರು. ಪದಕಗಳು ಬಂದವು. 1954ರಲ್ಲಿ ಡಿಯೆನ್ ಬಿಯೆನ್ ಫುನಲ್ಲಿ ಫ್ರಾನ್ಸ್ ಸೋತಿತು, ಅಲ್ಲಿಗೆ ಆ ಕಥೆ ಮುಗಿಯಿತು.

ಮುಗಿದ ಕೆಲವೇ ತಿಂಗಳಲ್ಲಿ, 1954ರ ನವೆಂಬರ್ 1ಕ್ಕೆ, ಅಲ್ಜೀರಿಯಾದಲ್ಲಿ ಯುದ್ಧ ಶುರು. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಯಾಕಂದ್ರೆ ಅಲ್ಜೀರಿಯಾ ಮಾಮೂಲಿ ವಸಾಹತು ಆಗಿರಲಿಲ್ಲ. 1830ರಲ್ಲಿ ಹಿಡಿದ ಆ ನೆಲವನ್ನು ಫ್ರಾನ್ಸ್ ತನ್ನದೇ ಜಿಲ್ಲೆಗಳಾಗಿ ಮಾಡಿಕೊಂಡಿತ್ತು. ಅಲ್ಲಿ ಸುಮಾರು 10 ಲಕ್ಷ ಯುರೋಪಿಯನ್ ಮೂಲದವರು ತಲೆಮಾರುಗಳಿಂದ ನೆಲೆಸಿದ್ದರು. ಮುಸ್ಲಿಮರು ಸುಮಾರು 90 ಲಕ್ಷ. 1947ರ ಕಾನೂನಿನಲ್ಲಿ ಅಲ್ಜೀರಿಯಾಕ್ಕೆ ಒಂದು ಸಭೆ ಕೊಟ್ಟರು. 120 ಸೀಟು, ಅದರಲ್ಲಿ 60 ಅವರಿಗೆ, 60 ಇವರಿಗೆ. 10 ಲಕ್ಷಕ್ಕೂ 60, 90 ಲಕ್ಷಕ್ಕೂ 60. ಬಂಡಾಯ ಯಾಕೆ ಎದ್ದಿತು ಅಂತ ಬೇರೆ ಹೇಳಬೇಕಾಗಿಲ್ಲ.

ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಸಂಘಟನೆ ಎಫ್‌ಎಲ್‌ಎನ್. ಅದು ಬಾಂಬ್ ಇಟ್ಟಿತು, ಹಳ್ಳಿಗಳಲ್ಲಿ ಫ್ರೆಂಚರ ಪರ ನಿಂತ ಅಲ್ಜೀರಿಯನ್ನರನ್ನೂ ಕೊಂದಿತು. 1957ರಲ್ಲಿ ಅಲ್ಜೀರ್ಸ್ ನಗರದ ಪೊಲೀಸ್ ಅಧಿಕಾರವನ್ನು ಜನರಲ್ ಮಾಸ್ಯು ಅವರ ಪ್ಯಾರಾಟ್ರೂಪರ್ ಪಡೆಗೆ ಕೊಟ್ಟುಬಿಟ್ಟರು. ಬಾಂಬ್ ಜಾಲ ಒಡೆಯಿತು. ಹೇಗೆ ಅಂದರೆ, ಕರೆಂಟ್ ಶಾಕ್ ಕೊಟ್ಟು, ನೀರಲ್ಲಿ ಮುಳುಗಿಸಿ, ಜನರನ್ನು ಎತ್ತಿಕೊಂಡು ಹೋಗಿ. ಎತ್ತಿಕೊಂಡು ಹೋದವರಲ್ಲಿ ಬಹಳಷ್ಟು ಜನ ತಿರುಗಿ ಬರಲೇ ಇಲ್ಲ. ಮೊರೀಸ್ ಒದಾಂ ಎಂಬ ಯುವ ಗಣಿತ ಉಪನ್ಯಾಸಕ ಹಾಗೆ ಕಾಣೆಯಾದವರಲ್ಲಿ ಒಬ್ಬರು. ಅವರ ಸಾವಿಗೆ ಫ್ರೆಂಚ್ ವ್ಯವಸ್ಥೆಯೇ ಕಾರಣ ಎಂದು ಅಧ್ಯಕ್ಷ ಮ್ಯಾಕ್ರೋನ್ ಒಪ್ಪಿಕೊಂಡದ್ದು 2018ರಲ್ಲಿ. ಚಿತ್ರಹಿಂಸೆ ಇಲ್ಲದೆಯೂ ಕೆಲಸ ನಡೆಯುತ್ತಿತ್ತು ಎಂದು ಮಾಸ್ಯು ಅವರೇ 2000ದಲ್ಲಿ, ಮುಪ್ಪಿನಲ್ಲಿ, ಪತ್ರಿಕೆಗೆ ಹೇಳಿದರು.

ಸ್ಯಾಂ ಮಾರ್ಕ್ ಅಲ್ಜೀರ್ಸ್‌ನಲ್ಲಿ ಮಾಸ್ಯು ಅವರ ಕಚೇರಿಯಲ್ಲಿದ್ದರು. ಪತ್ರಕರ್ತರ ಜೊತೆ ಮಾತಾಡುವ ಜವಾಬ್ದಾರಿ ಅವರದು. ಒಳ್ಳೆಯ ಮಾತುಗಾರರು, ಸೌಮ್ಯ ಸ್ವಭಾವ, ಪತ್ರಕರ್ತರಿಗೆ ಇಷ್ಟವಾಗಿದ್ದರು. ಅವರ ಬದುಕಿನಲ್ಲಿ ನನಗೆ ನುಂಗಲು ಕಷ್ಟವಾಗುವ ಭಾಗ ಇದೇ. ಹಿಟ್ಲರನ ಗುಪ್ತ ಪೊಲೀಸ್ ಗೆಸ್ಟಾಪೊ ಅಂದರೆ ಏನು ಅಂತ ಮೈಮೇಲೆ ಅನುಭವಿಸಿದ್ದ ಮನುಷ್ಯ, ಚಿತ್ರಹಿಂಸೆ ನಡೆಸುತ್ತಿದ್ದ ಪಡೆಯ ಮುಖವಾಗಿ ಹೊರಗೆ ಕೂತಿದ್ದರು. ಮುಂದೆ ಅವರು ಇದನ್ನೆಲ್ಲ ನಡೆದೇ ಇಲ್ಲ ಎಂದು ತಳ್ಳಿಹಾಕಲಿಲ್ಲ ನಿಜ. ಆಗ ಮಾತ್ರ ಅಲ್ಲೇ ಇದ್ದರು.

ಅದೇ ಹೊತ್ತಿಗೆ ಇನ್ನೊಬ್ಬ ಅಧಿಕಾರಿ ಬೇರೆ ದಾರಿ ಹಿಡಿದರು. ಜನರಲ್ ಪಾರಿಸ್ ಡಿ ಬೊಲಾರ್ದಿಯೆರ್. ಮಹಾಯುದ್ಧದ ಹೀರೊ, ಪದಕಗಳಿಗೆ ಅವರಿಗೂ ಕೊರತೆ ಇರಲಿಲ್ಲ. 1957ರಲ್ಲಿ, ಈ ವಿಧಾನ ನನಗೆ ಒಪ್ಪಿಗೆಯಿಲ್ಲ, ನನ್ನನ್ನು ಇಲ್ಲಿಂದ ಬಿಡುಗಡೆ ಮಾಡಿ ಎಂದು ಕೇಳಿಕೊಂಡರು. ಬಹಿರಂಗವಾಗಿ ಪತ್ರವನ್ನೂ ಬರೆದರು. ಸಿಕ್ಕ ಬಹುಮಾನ 60 ದಿನ ಕೋಟೆಯಲ್ಲಿ ಬಂಧನ. ಆದೇಶ ಮೀರಿದ ಫ್ರೆಂಚ್ ಅಧಿಕಾರಿಗಳ ಮಾತು ಬಂದಾಗ ಸ್ಯಾಂ ಮಾರ್ಕ್ ಹೆಸರು ಎಲ್ಲರಿಗೂ ಹೊಳೆಯುತ್ತದೆ, ಬೊಲಾರ್ದಿಯೆರ್ ಹೆಸರು ಅಷ್ಟಾಗಿ ಹೊಳೆಯುವುದಿಲ್ಲ. ಯಾಕೋ ಗೊತ್ತಿಲ್ಲ, ದಂಗೆಗೆ ಇರುವ ರಂಗು ರಾಜೀನಾಮೆಗೆ ಇಲ್ಲ.

ಈಗ ರಾಜಕೀಯ. 1958ರ ಮೇ 13ರಂದು ಅಲ್ಜೀರ್ಸ್‌ನಲ್ಲಿ ಯುರೋಪಿಯನ್ನರು ಸರ್ಕಾರಿ ಕಟ್ಟಡಕ್ಕೆ ನುಗ್ಗಿದರು, ಸೇನೆ ಅವರ ಬೆನ್ನಿಗೆ ನಿಂತಿತು. ಪ್ಯಾರಿಸ್‌ನ ಸರ್ಕಾರ ಅಲುಗಾಡಿತು. ಆ ಗದ್ದಲದಲ್ಲೇ, ಮಹಾಯುದ್ಧದಲ್ಲಿ ಜರ್ಮನ್ನರ ವಿರುದ್ಧ ಫ್ರೆಂಚರನ್ನು ಮುನ್ನಡೆಸಿದ್ದ ಜನರಲ್ ಡಿ ಗಾಲ್ ಮತ್ತೆ ಅಧಿಕಾರಕ್ಕೆ ಬಂದರು. ಅಂದರೆ ಅವರನ್ನು ಮೇಲೇರಿಸಿದ್ದರಲ್ಲಿ ಸೇನೆಯ ಕೈಯೂ ಇತ್ತು. ಆ ಜೂನ್‌ನಲ್ಲಿ ಮೊಸ್ತಗನೆಮ್ ಊರಿನಲ್ಲಿ ಅವರು "ಫ್ರೆಂಚ್ ಅಲ್ಜೀರಿಯಾಕ್ಕೆ ಜಯವಾಗಲಿ" ಎಂದೂ ಕೂಗಿದರು. ಸೈನಿಕರು ಅದನ್ನು ವಚನ ಅಂತಲೇ ತಗೊಂಡರು. ಹಳ್ಳಿಹಳ್ಳಿಗೆ ಹೋಗಿ ಜನಕ್ಕೆ ಅದೇ ಮಾತು ಹೇಳಿದರು: ನಾವು ಹೋಗಲ್ಲ, ನಮ್ಮ ಜೊತೆ ನಿಲ್ಲಿ. ಹಾಗೆ ಸಾವಿರಾರು ಅಲ್ಜೀರಿಯನ್ನರು ಫ್ರೆಂಚ್ ಸೇನೆಯ ಸಹಾಯಕ ಪಡೆಗಳಿಗೆ ಸೇರಿದರು. ಅವರನ್ನು ಹರ್ಕಿಗಳು ಅಂತಾರೆ.

ಡಿ ಗಾಲ್ ಮಾತ್ರ ಲೆಕ್ಕ ಹಾಕಿದ್ದರು. ಯುದ್ಧ ಗೆದ್ದರೂ ಅಲ್ಜೀರಿಯಾವನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. 1959ರ ಸೆಪ್ಟೆಂಬರ್‌ನಲ್ಲಿ ಅಲ್ಜೀರಿಯಾದ ಭವಿಷ್ಯ ಅಲ್ಲಿನ ಜನರೇ ಆರಿಸಿಕೊಳ್ಳಲಿ ಎಂದರು. 1961ರ ಜನವರಿಯಲ್ಲಿ ಜನಮತ ತೆಗೆದುಕೊಂಡಾಗ ಸುಮಾರು 75 ಶೇಕಡಾ ಮತ ಅವರ ಪರ ಬಿತ್ತು. ದೇಶ ಮುಂದೆ ಹೋಗಿತ್ತು. ಕಾಡಿನಲ್ಲಿ, ಗುಡ್ಡದಲ್ಲಿ ಇದ್ದ ಅಧಿಕಾರಿಗಳಿಗೆ ಮಾತ್ರ ಇದು ಇನ್ನೊಂದು ತಾಲುಂಗ್‌ನಂತೆ ಕಂಡಿತು. ಲೀಜನ್‌ನವರಿಗಂತೂ ಅಲ್ಜೀರಿಯಾ ಬಿಡುವುದು ಅಂದರೆ ಸ್ವಂತ ಮನೆ ಬಿಟ್ಟಂತೆ.

1961ರ ಏಪ್ರಿಲ್‌ನಲ್ಲಿ ಸ್ಯಾಂ ಮಾರ್ಕ್ ಲೀಜನ್‌ನ ಮೊದಲ ಪ್ಯಾರಾಟ್ರೂಪ್ ರೆಜಿಮೆಂಟಿನ ಹಂಗಾಮಿ ಕಮಾಂಡರ್ ಆಗಿದ್ದರು. ನಿಜವಾದ ಕಮಾಂಡರ್ ರಜೆಯ ಮೇಲೆ ಹೋಗಿದ್ದರು. ಚರಿತ್ರೆಯಲ್ಲಿ ಹೀಗೂ ಆಗುತ್ತದೆ ನೋಡಿ, ಯಾರದೋ ರಜೆ ಇನ್ಯಾರದೋ ಹಣೆಬರಹ. ಏಪ್ರಿಲ್ 21ರ ಮಧ್ಯಾಹ್ನ ಅಲ್ಜೀರ್ಸ್‌ನ ಒಂದು ಬಂಗಲೆಗೆ ಸ್ಯಾಂ ಮಾರ್ಕ್ ಅವರನ್ನು ಕರೆಸಿ ಜನರಲ್ ಶಾಲ್ ಮಾತಾಡಿದರು. ಹಿಂದೆ ಅಲ್ಜೀರಿಯಾದ ಇಡೀ ಸೇನೆಯ ಮುಖ್ಯಸ್ಥರಾಗಿದ್ದ ಶಾಲ್ ಗುಟ್ಟಾಗಿ ವಾಪಸ್ ಬಂದಿದ್ದರು. ದಂಗೆ ಏಳುತ್ತೇವೆ, ನಿಮ್ಮ ರೆಜಿಮೆಂಟ್ ಬೇಕು ಎಂದರು. ಇದು ಫ್ಯಾಸಿಸ್ಟ್ ದಂಗೆ ಅಲ್ಲ, ಜನಾಂಗದ್ವೇಷದ ದಂಗೆಯೂ ಅಲ್ಲ ಎಂಬ ಭರವಸೆ ಸಿಕ್ಕ ಮೇಲೆ ಸ್ಯಾಂ ಮಾರ್ಕ್ ಒಪ್ಪಿದರು. ಒಂದು ಗಂಟೆಯೂ ಹಿಡಿಯಲಿಲ್ಲ.

ಅವತ್ತು ರಾತ್ರಿ ರೆಜಿಮೆಂಟ್ ಜೆರಾಲ್ಡಾ ಶಿಬಿರದಿಂದ ಹೊರಟು ಅಲ್ಜೀರ್ಸ್ ಹಿಡಿಯಿತು. ಬೆಳಗಾಗುವುದರೊಳಗೆ ರೇಡಿಯೊ, ಸರ್ಕಾರಿ ಕಚೇರಿ, ಸರ್ಕಾರದ ಪ್ರತಿನಿಧಿ ಎಲ್ಲ ಅವರ ಕೈಯಲ್ಲಿ. ರಕ್ತ ಹರಿಯಬಾರದು ಅನ್ನೋದು ಇರಾದೆ. ಆದರೂ ರೇಡಿಯೊ ಪ್ರಸಾರ ಕೇಂದ್ರ ಕಾಯುತ್ತಿದ್ದ ಒಬ್ಬ ಸಾರ್ಜೆಂಟ್ ಗುಂಡಿಗೆ ಸತ್ತ. ಅವನೂ ಫ್ರೆಂಚ್ ಸೈನಿಕ, ಕೊಟ್ಟ ಆದೇಶ ಪಾಲಿಸುತ್ತಿದ್ದ.

ದಂಗೆಯ ತಲೆಯಾಳುಗಳು ನಾಲ್ವರು ಜನರಲ್‌ಗಳು: ಶಾಲ್, ಜುಓ, ಜೆಲರ್, ಸಲಾನ್. ಪ್ಯಾರಿಸ್‌ನಲ್ಲಿ ಗಾಬರಿ. ಪ್ಯಾರಾಟ್ರೂಪರ್‌ಗಳು ವಿಮಾನದಲ್ಲಿ ಬಂದಿಳಿಯಬಹುದು, ಸೈರನ್ ಕೇಳಿದ ಕೂಡಲೇ ನಡೆದೋ ಕಾರಿನಲ್ಲೋ ವಿಮಾನ ನಿಲ್ದಾಣಕ್ಕೆ ಹೋಗಿ ಅವರಿಗೆ ಬುದ್ಧಿ ಹೇಳಿ ಎಂದು ಪ್ರಧಾನಿ ದೆಬ್ರೆ ಟಿವಿಯಲ್ಲಿ ಕರೆ ಕೊಟ್ಟರು! ಡಿ ಗಾಲ್ ಏಪ್ರಿಲ್ 23ರ ರಾತ್ರಿ 8 ಗಂಟೆಗೆ ಮಿಲಿಟರಿ ಸಮವಸ್ತ್ರದಲ್ಲೇ ಬಂದು ಕೂತರು. ಈ ದಂಗೆಕೋರರ ಒಂದು ಆದೇಶವನ್ನೂ ಪಾಲಿಸಕೂಡದು ಎಂದರು. ಅಲ್ಜೀರಿಯಾದಲ್ಲಿದ್ದ ಸೈನಿಕರಲ್ಲಿ ಬಹುಪಾಲು ಕಡ್ಡಾಯ ಸೇವೆಗೆ ಬಂದ ಇಪ್ಪತ್ತರ ಹುಡುಗರು. ಅವರ ಹತ್ತಿರ ಪುಟ್ಟ ಟ್ರಾನ್ಸಿಸ್ಟರ್‌ಗಳಿದ್ದವು. ಭಾಷಣ ನೇರ ಅವರ ಕಿವಿಗೆ ಬಿತ್ತು. ಮೇಲಧಿಕಾರಿ ಏನೇ ಹೇಳಲಿ, ಹುಡುಗರು ಅಲುಗಾಡಲಿಲ್ಲ. ಕೆಲವೇ ದಿನಗಳಲ್ಲಿ ದಂಗೆ ಕುಸಿಯಿತು.

ಇಲ್ಲಿಂದ ದಾರಿ ಕವಲೊಡೆಯುತ್ತದೆ. ಸಲಾನ್, ಜುಓ ಭೂಗತರಾಗಿ, ಅಲ್ಜೀರಿಯಾ ಫ್ರಾನ್ಸ್ ಕೈಯಲ್ಲೇ ಉಳಿಯಬೇಕು ಎನ್ನುತ್ತಿದ್ದ ಒಎಎಸ್ ಎಂಬ ಗುಪ್ತ ಸಂಘಟನೆಯ ಜೊತೆ ಹೋದರು. ಅದು ಬಾಂಬ್ ಇಟ್ಟಿತು, ಕಂಡಕಂಡ ಮುಸ್ಲಿಮರನ್ನು ಕೊಂದಿತು. ಶಾಲ್ ಮತ್ತು ಸ್ಯಾಂ ಮಾರ್ಕ್ ಶರಣಾದರು. ರೆಜಿಮೆಂಟನ್ನು ಏಪ್ರಿಲ್ 30ಕ್ಕೆ ರದ್ದು ಮಾಡಿದರು.

ಜೂನ್ 5ಕ್ಕೆ ವಿಚಾರಣೆ. ಸ್ಯಾಂ ಮಾರ್ಕ್ ಒಂದು ಹೇಳಿಕೆ ಓದಿದರು. ತಪ್ಪಿಸಿಕೊಳ್ಳುವ ಮಾತಿಲ್ಲ, ನನ್ನ ಕೆಳಗಿನವರು ನನ್ನ ಆದೇಶದಂತೆ ನಡೆದರು, ಹೊಣೆ ನನ್ನದು ಎಂದರು. ಇಂಡೋಚೈನಾದಲ್ಲಿ ಕೈಬಿಟ್ಟು ಬಂದ ಹಳ್ಳಿಗಳ ನೆನಪು ತೆಗೆದರು. ಸೈನಿಕನಿಂದ ಬಹಳಷ್ಟನ್ನು ಕೇಳಬಹುದು, ಸಾಯುವುದನ್ನೂ ಕೇಳಬಹುದು, ಅದು ಅವನ ಕೆಲಸ. ಮೋಸ ಮಾಡು, ಸುಳ್ಳು ಹೇಳು, ಕೊಟ್ಟ ಮಾತು ಮುರಿ ಎಂದು ಕೇಳಲಾಗದು. ಇದು ಅವರ ವಾದದ ತಿರುಳು.

ಈ ವಾದಕ್ಕೆ ಫ್ರಾನ್ಸ್‌ನಲ್ಲಿ ಬಲ ಬರಲು ಇನ್ನೊಂದು ಕಾರಣ ಇತ್ತು. ಡಿ ಗಾಲ್ ಅವರೇ 1940ರಲ್ಲಿ ತಮ್ಮ ಸರ್ಕಾರದ ಮಾತು ಮೀರಿ ಲಂಡನ್‌ಗೆ ಹೋದವರು. ಅವತ್ತಿನ ಮಿಲಿಟರಿ ಕೋರ್ಟು ಅವರಿಗೆ ಮರಣದಂಡನೆಯನ್ನೇ ವಿಧಿಸಿತ್ತು. ಆದೇಶ ಮೀರುವುದೂ ಕೆಲವೊಮ್ಮೆ ಸರಿ ಅನ್ನೋ ಪಾಠವನ್ನು ಈ ಪೀಳಿಗೆಯ ಅಧಿಕಾರಿಗಳು ಕಲಿತದ್ದು ಅಲ್ಲೇ. ಆದರೆ 1940ಕ್ಕೂ 1961ಕ್ಕೂ ಅಜಗಜಾಂತರ. ಮೊದಲನೆಯದು ಶತ್ರುವಿಗೆ ಶರಣಾದ ಸರ್ಕಾರ. ಎರಡನೆಯದು ಮೂರು ತಿಂಗಳ ಹಿಂದಷ್ಟೇ ಜನರ ಮತ ಪಡೆದದ್ದು. ಮತ್ತೆ, ಕೊಟ್ಟ ಮಾತಿನ ಈ ಚರ್ಚೆಯಲ್ಲೆಲ್ಲ ಸ್ವಾತಂತ್ರ್ಯ ಬೇಕೆಂದ ಲಕ್ಷಾಂತರ ಅಲ್ಜೀರಿಯನ್ನರು ಎಲ್ಲೂ ಕಾಣುವುದಿಲ್ಲ. ಫ್ರೆಂಚರು ಉಳಿಯಿರಿ ಎಂದು ಅವರು ಕೇಳಿರಲಿಲ್ಲ. ಸ್ಯಾಂ ಮಾರ್ಕ್ ಅವರ ಪ್ರಾಮಾಣಿಕತೆಯನ್ನು ನಾನು ಅನುಮಾನಿಸುವುದಿಲ್ಲ. ಅವರ ದಂಗೆ ಗೆದ್ದಿದ್ದರೆ ಯುದ್ಧ ಇನ್ನಷ್ಟು ವರ್ಷ ಎಳೆಯುತ್ತಿತ್ತು ಅನ್ನುವುದರಲ್ಲೂ ನನಗೆ ಅನುಮಾನ ಇಲ್ಲ.

ಹಾಗಂತ ಅವರ ಭಯ ಸುಳ್ಳಾಗಲಿಲ್ಲ. 1962ರ ಮಾರ್ಚ್ 19ಕ್ಕೆ ಕದನವಿರಾಮ ಜಾರಿಯಾಯಿತು. ಹರ್ಕಿಗಳ ಕೈಯಿಂದ ಬಂದೂಕು ವಾಪಸ್ ಪಡೆದರು. ಹೆಚ್ಚಿನವರನ್ನು ಫ್ರಾನ್ಸ್‌ಗೆ ಕರೆತರಲಿಲ್ಲ. ಸಾವಿರಾರು ಜನ ಸೇಡಿಗೆ ಬಲಿಯಾದರು. ಹೇಗೋ ಫ್ರಾನ್ಸ್ ಸೇರಿದವರನ್ನು ಮುಳ್ಳುತಂತಿ ಬೇಲಿಯ ಶಿಬಿರಗಳಲ್ಲಿ ಇಟ್ಟರು. ಫ್ರಾನ್ಸ್ ಅಧ್ಯಕ್ಷರು ಅವರ ಕ್ಷಮೆ ಕೇಳಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಸುಮಾರು ಅರವತ್ತು ವರ್ಷ ಆದ ಮೇಲೆ.

ಸ್ಯಾಂ ಮಾರ್ಕ್ ಐದು ವರ್ಷ ಜೈಲಿನಲ್ಲಿದ್ದರು, ಬಹುಪಾಲು ತ್ಯುಲ್ ಊರಿನ ಜೈಲಿನಲ್ಲಿ. 1966ರ ಕ್ರಿಸ್‌ಮಸ್ ದಿನ ಕ್ಷಮಾದಾನ ಸಿಕ್ಕಿ ಹೊರಬಂದಾಗ ವಯಸ್ಸು 44. ಹೆಂಡತಿ, ನಾಲ್ವರು ಹೆಣ್ಣುಮಕ್ಕಳು. ಲಿಯೋಂ ನಗರದಲ್ಲಿ ಒಂದು ಕಂಪನಿಯ ಸಿಬ್ಬಂದಿ ವಿಭಾಗದಲ್ಲಿ ಕೆಲಸ ಹಿಡಿದರು. ಹಾಜರಿ, ರಜೆ, ನೇಮಕಾತಿ. ಇಪ್ಪತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಬದುಕಿದರು.

ಗೌರವ ವಾಪಸ್ ಬಂದದ್ದು ಒಂದೇ ಸಲಕ್ಕಲ್ಲ. 1968ರಲ್ಲಿ ದಂಗೆಯವರಿಗೆಲ್ಲ ಕ್ಷಮೆ. 1978ರಲ್ಲಿ ಸ್ಯಾಂ ಮಾರ್ಕ್ ಅವರ ನಾಗರಿಕ ಮತ್ತು ಸೇನಾ ಹಕ್ಕುಗಳು ವಾಪಸ್. 1980ರ ದಶಕದ ಕೊನೆಗೆ ಅವರ ಬಂಧುವೇ ಆದ ಯುವಕನೊಬ್ಬ ಅವರ ಜೀವನಚರಿತ್ರೆ ಬರೆದ ಮೇಲೆ ಜನ ಮತ್ತೆ ಗುರುತಿಸಿದರು. 1995ರಲ್ಲಿ ಬಂದ ಅವರ ನೆನಪಿನ ಪುಸ್ತಕಕ್ಕೆ ಸಾಹಿತ್ಯ ಪ್ರಶಸ್ತಿಯೂ ಸಿಕ್ಕಿತು. ಶಾಲೆಗಳಿಗೆ, ಸಭೆಗಳಿಗೆ ಹೋಗಿ ಮಾತಾಡಿದರು. ತಾನು ಸರಿ ಎಂದು ಸಾಧಿಸುವ ಹಟ ಅವರ ಬರಹದಲ್ಲಿ ಕಡಿಮೆ. ಅವರ ಮೇಲೆ ಜನಕ್ಕೆ ಪ್ರೀತಿ ಹುಟ್ಟಿದ್ದು ಬಹುಶಃ ಅದಕ್ಕೇ. 2011ರ ಗ್ರ್ಯಾಂಡ್ ಕ್ರಾಸ್ ಈ ಸಾಲಿನ ಕೊನೆಯ ಮೆಟ್ಟಿಲು. ಆಗಲೂ ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. ಗಣರಾಜ್ಯದ ವಿರುದ್ಧ ಬಂದೂಕು ಎತ್ತಿದವರಿಗೆ ಗಣರಾಜ್ಯದ ಅತಿ ದೊಡ್ಡ ಪದಕವಾ ಎಂದು ಕೇಳಿದವರೂ ಇದ್ದರು.

ಜಗಳ ಈಗ ಬೀದಿ ಬೋರ್ಡುಗಳಿಗೆ ಬಂದು ನಿಂತಿದೆ. ದಕ್ಷಿಣ ಫ್ರಾನ್ಸ್‌ನ ಬೆಝಿಯೆರ್ ಊರಿನಲ್ಲಿ ಅಲ್ಜೀರಿಯಾ ಬಿಟ್ಟು ಬಂದ ಯುರೋಪಿಯನ್ ಕುಟುಂಬಗಳು ಬಹಳ. ಅಲ್ಲೊಂದು ಬೀದಿಗೆ 'ಮಾರ್ಚ್ 19, 1962' ಎಂಬ ಹೆಸರಿತ್ತು, ಕದನವಿರಾಮದ ದಿನ. 2015ರ ಮಾರ್ಚ್‌ನಲ್ಲಿ ಮೇಯರ್ ರೊಬೆರ್ ಮೆನಾರ್ ಆ ಹೆಸರು ತೆಗೆಸಿ 'ಕಮಾಂಡೆಂಟ್ ಡೆನ್ವಾ ಡಿ ಸ್ಯಾಂ ಮಾರ್ಕ್ ಬೀದಿ' ಎಂದು ಹಾಕಿಸಿದರು. ಒಂದು ಗುಂಪು ಸಂಭ್ರಮಿಸಿತು, ಇನ್ನೊಂದು ಗುಂಪು ಪ್ರತಿಭಟನೆಗೆ ಇಳಿಯಿತು. ಇದು ಬೇಕಿತ್ತಾ ಎಂದು ಅವರನ್ನೇ ಕೇಳುವ ಹಾಗೂ ಇರಲಿಲ್ಲ. 2013ರ ಆಗಸ್ಟ್ 26ರಂದೇ, 91ನೇ ವಯಸ್ಸಿನಲ್ಲಿ, ಅವರು ತೀರಿಕೊಂಡಿದ್ದರು.